ಗಿನಿಪಿಗ್ ತರಕಾರಿ ಬಿಟ್ಟರೆ, ಭೇದಿಯಾದರೆ, ಕುಂಟಿದರೆ: ಕೊಡಗಿನ ಮನೆಗಳಿಗೊಂದು ದೋಷ ನಿವಾರಣೆ ಕೈಪಿಡಿ

ಗಿನಿಪಿಗ್ ಸಾಕಿದ ಮನೆಯಲ್ಲಿ ಏನೇ ತೊಂದರೆ ಬಂದರೂ ಮೊದಲ ಅಪವಾದ ತರಕಾರಿಯ ಮೇಲೆ. ಭೇದಿಯಾದರೆ ಸೌತೆಕಾಯಿ, ಹೊಟ್ಟೆ ಉಬ್ಬಿದರೆ ಎಲೆಕೋಸು, ಮೂತ್ರ ಕೆಂಪಾದರೆ ಬೀಟ್‌ರೂಟ್. ಮರುದಿನದಿಂದ ತರಕಾರಿ ಬಂದ್. ಕೊಡಗಿನ ಮನೆಗಳಲ್ಲಿ ನಾನು ಕಂಡಂತೆ, ಹೆಚ್ಚಿನ ಸಲ ಹುಡುಕಬೇಕಾದ ಜಾಗವೇ ಬೇರೆ. ತರಕಾರಿಯ ಪಕ್ಕದಲ್ಲಿರುವ ಹುಲ್ಲನ್ನು ಯಾರೂ ಮೂಸಿ ನೋಡುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಊರಿನಲ್ಲಿ ಒಣಹುಲ್ಲು ಒಣಗಿಯೇ ಇರುತ್ತದೆ ಎಂದು ನಂಬಿಕೊಂಡರೆ ಆಗುವುದೇ ಹೀಗೆ. ಆದ್ದರಿಂದ ಕೆಳಗಿನ ಯಾವ ಲಕ್ಷಣಕ್ಕೆ ಬಂದರೂ ಮೊದಲ ಪರೀಕ್ಷೆ ಒಂದೇ: ಹುಲ್ಲಿನ ಚೀಲಕ್ಕೆ ಕೈ ಹಾಕಿ, ತಳದಿಂದ ಒಂದು ಹಿಡಿ ತೆಗೆದು ಮೂಸಿ. ಮುಗ್ಗು ವಾಸನೆ ಬಂದರೆ, ಕೊಡವಿದಾಗ ಬೂದು ಪುಡಿ ಹಾರಿದರೆ, ಇಡೀ ಚೀಲವನ್ನು ಗೊಬ್ಬರದ ಗುಂಡಿಗೆ ಹಾಕಿ. ಬಿಸಿಲಿಗಿಟ್ಟರೆ ಬೂಷ್ಟು ಒಣಗೀತು, ಅದರ ವಿಷ ಹೋಗುವುದಿಲ್ಲ.

## ಎಲ್ಲ ಸರಿಯಿದ್ದಾಗ ಹೇಗಿರುತ್ತದೆ

ಬೆಳೆದ ಗಿನಿಪಿಗ್‌ನ ತೂಕ ಸಾಮಾನ್ಯವಾಗಿ 700 ರಿಂದ 1200 ಗ್ರಾಂ. ಅದು ತಿನ್ನುವುದರಲ್ಲಿ ಐದರಲ್ಲಿ ನಾಲ್ಕು ಪಾಲು ಹುಲ್ಲೇ ಇರಬೇಕು. ಹಗಲು ರಾತ್ರಿ ಗೂಡಿನಲ್ಲಿ ಮುಗಿಯದಂತೆ ಇರಬೇಕು. ತರಕಾರಿ ಮತ್ತು ಸೊಪ್ಪು ಒಂದು ಪ್ರಾಣಿಗೆ ದಿನಕ್ಕೆ ಸುಮಾರು ಒಂದು ಬಟ್ಟಲು, ಬೆಳಿಗ್ಗೆ ಸಂಜೆ ಹಂಚಿ. ಪೆಲೆಟ್ (ಅಂಗಡಿಯಲ್ಲಿ ಸಿಗುವ ಒಣ ಆಹಾರದ ಗುಳಿಗೆ) ಒಂದೆರಡು ದೊಡ್ಡ ಚಮಚ ಸಾಕು. ನೀರು ಸದಾ ಇರಬೇಕು.

ತರಕಾರಿಯಲ್ಲಿ ವೈವಿಧ್ಯ ಬೇಕು ಎಂದ ಕೂಡಲೇ ಕೆಲವರು ಒಂದೇ ತಟ್ಟೆಗೆ ಎಂಟು ಬಗೆ ಹೆಚ್ಚಿ ಹಾಕುತ್ತಾರೆ. ಅದು ಪ್ರಾಣಿಗಿಂತ ಫೋಟೊಗೆ ಒಳ್ಳೆಯದು. ದಪ್ಪ ಮೆಣಸಿನಕಾಯಿಯ ಒಂದು ತುಂಡು ಪ್ರತಿದಿನ. ಅದರ ಜೊತೆ ಎರಡು ಬಗೆಯ ಸೊಪ್ಪು, ಅಂದರೆ ಕೊತ್ತಂಬರಿ, ಪುದೀನ, ಮೆಂತ್ಯ, ಸಬ್ಬಸಿಗೆ, ಕ್ಯಾರೆಟ್‌ನ ಮೇಲಿನ ಎಲೆ, ಲೆಟ್ಯೂಸ್ ಇವುಗಳಲ್ಲಿ ಎರಡು. ಬೇಕಾದರೆ ಸೌತೆಕಾಯಿಯ ಒಂದು ಬಿಲ್ಲೆ. ಸೊಪ್ಪು ವಾರದೊಳಗೆ ಬದಲಾಗುತ್ತಿರಲಿ, ದಿನದೊಳಗೆ ಬೇಡ. ಹೊಸದು ಏನೇ ಇದ್ದರೂ ಒಂದು ಸಲಕ್ಕೆ ಒಂದೇ, ಹೆಬ್ಬೆರಳಿನ ಉಗುರಿನಷ್ಟು ಕೊಟ್ಟು ಒಂದು ದಿನ ಹಿಕ್ಕೆ ನೋಡಿ. ಹೀಗೆ ಮಾಡಿದರೆ ತೊಂದರೆ ಬಂದಾಗ ಕಾರಣ ಯಾವುದೆಂದು ತಿಳಿಯುತ್ತದೆ. ಎಂಟು ಬಗೆ ಒಟ್ಟಿಗೆ ಕೊಟ್ಟವರಿಗೆ ಎಂಟೂ ಅನುಮಾನ.

ಸಲಕರಣೆ ಹೆಚ್ಚೇನೂ ಬೇಡ. ಗ್ರಾಂ ತೋರಿಸುವ ಅಡುಗೆಮನೆಯ ತೂಕದ ಯಂತ್ರ, ಒಂದು ಟಾರ್ಚ್, ಸೂಜಿ ತೆಗೆದ ಒಂದು ಮಿ.ಲೀ. ಸಿರಿಂಜ್, ಒಂದು ನೋಟ್‌ಬುಕ್. ವಾರಕ್ಕೊಮ್ಮೆ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಈ ಪ್ರಾಣಿ ಕಾಯಿಲೆಯನ್ನು ಮುಚ್ಚಿಡುವುದರಲ್ಲಿ ನಿಪುಣ. ಕಣ್ಣಿಗೆ ಕಾಣುವ ಮೊದಲೇ ತೂಕ ಇಳಿದಿರುತ್ತದೆ. 900 ಗ್ರಾಂ ಇದ್ದದ್ದು 850ಕ್ಕೆ ಇಳಿದರೆ ಗಮನ ಕೊಡಿ, ದಿನವೂ ತೂಗಿ. 810ಕ್ಕೆ ಬಂದರೆ ಹತ್ತರಲ್ಲಿ ಒಂದು ಪಾಲು ಹೋಯಿತೆಂದು ಅರ್ಥ. ಮನೆಮದ್ದಿನ ಕಾಲ ಮುಗಿಯಿತು.

## ಇವು ಕಂಡರೆ ಓದುವುದು ನಿಲ್ಲಿಸಿ, ವೈದ್ಯರಿಗೆ ಫೋನ್ ಮಾಡಿ

ಹನ್ನೆರಡು ಗಂಟೆಯಿಂದ ಏನನ್ನೂ ತಿಂದಿಲ್ಲ ಅಥವಾ ಹಿಕ್ಕೆ ಹಾಕಿಲ್ಲ. ಹೊಟ್ಟೆ ಬಿಗಿದು, ಮೈ ಮುದುಡಿ, ಹಲ್ಲು ಕಡಿಯುತ್ತಾ ಕೂತಿದೆ. ನೀರಿನಂತಹ ಭೇದಿ, ಜೊತೆಗೆ ಮೈ ತಣ್ಣಗೆ. ಮೂತ್ರಕ್ಕೆ ಕೂತು ಕಿರುಚುತ್ತದೆ, ಅಥವಾ ಮೂತ್ರವೇ ಬರುತ್ತಿಲ್ಲ. ಬಾಯಿ ತೆರೆದು ಉಸಿರಾಡುತ್ತಿದೆ. ತಲೆ ಒಂದು ಕಡೆ ವಾಲಿದೆ.

ಗಿನಿಪಿಗ್‌ಗೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದದ್ದು ಮುಂದಕ್ಕೇ ಹೋಗಬೇಕು. ಅದರ ದೊಡ್ಡ ಕುರುಡು ಕರುಳಿನಲ್ಲಿ ಸೂಕ್ಷ್ಮಾಣುಗಳು ನಾರನ್ನು ಹುದುಗಿಸುತ್ತಿರುತ್ತವೆ. ಮೇಲಿಂದ ನಾರು ಬರುವುದು ನಿಂತರೆ ಕರುಳಿನ ಚಲನೆಯೂ ನಿಲ್ಲುತ್ತದೆ, ಒಳಗಿನ ಸೂಕ್ಷ್ಮಾಣುಗಳ ಸಮತೋಲ ಕೆಡುತ್ತದೆ, ಯಕೃತ್ತಿನಲ್ಲಿ ಕೊಬ್ಬು ತುಂಬತೊಡಗುತ್ತದೆ. ನಾಯಿ ಒಂದು ದಿನ ಉಪವಾಸವಿದ್ದರೆ ಸುಧಾರಿಸಿಕೊಳ್ಳುತ್ತದೆ, ಇದು ಸುಧಾರಿಸಿಕೊಳ್ಳುವುದಿಲ್ಲ. ‘ನಾಳೆ ನೋಡೋಣ’ ಎಂಬ ಮಾತು ಇಲ್ಲಿ ದುಬಾರಿ.

## ತರಕಾರಿ ಮುಟ್ಟುವುದಿಲ್ಲ, ಆದರೆ ಹುಲ್ಲು ತಿನ್ನುತ್ತದೆ, ಓಡಾಡುತ್ತದೆ

ಇದು ಕಾಯಿಲೆಯಲ್ಲ, ಹಟ. ಮರಿಯಾಗಿದ್ದಾಗ ಏನು ತಿಂದು ಬೆಳೆಯಿತೋ ಅದನ್ನಷ್ಟೇ ಆಹಾರವೆಂದು ಒಪ್ಪುವುದು ಈ ಪ್ರಾಣಿಯ ಸ್ವಭಾವ. ಬರೀ ಪೆಲೆಟ್ ತಿಂದು ಬೆಳೆದ ಅಂಗಡಿಯ ಮರಿಗೆ ಕೊತ್ತಂಬರಿ ಸೊಪ್ಪು ಹಾಸಿಗೆಯಂತೆ ಕಂಡರೆ ಅದರ ತಪ್ಪಲ್ಲ.

ಮೊದಲು ಖರ್ಚಿಲ್ಲದ ಪರೀಕ್ಷೆಗಳು. ತರಕಾರಿ ಫ್ರಿಜ್‌ನಿಂದ ನೇರ ಬಂದದ್ದೇ? ಅರ್ಧ ಗಂಟೆ ಹೊರಗಿಟ್ಟು ಕೊಡಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಫ್ರಿಜ್ ಎರಡು ದಿನ ಸುಮ್ಮನಿತ್ತೇ? ಹಾಗಿದ್ದರೆ ಒಳಗಿನ ಸೊಪ್ಪಿನ ತೊಟ್ಟುಗಳನ್ನು ಮುಟ್ಟಿ ನೋಡಿ. ಲೋಳೆ ಹತ್ತಿದ್ದನ್ನು ತೊಳೆದು ಕೊಡುವ ಜಾಣತನ ಬೇಡ. ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ತಂದ ಸೊಪ್ಪು ಗುರುವಾರದ ಹೊತ್ತಿಗೆ ನಮಗೇ ಬೇಡವೆನಿಸಿದರೆ ಅದಕ್ಕೂ ಬೇಡ. ಮೆಣಸಿನಕಾಯಿ ಖಾರದ ಜಾತಿಯದ್ದೇ ಎಂದೂ ನೋಡಿ. ಬಜ್ಜಿ ಮೆಣಸಿನಕಾಯಿಯನ್ನು ದಪ್ಪ ಮೆಣಸಿನಕಾಯಿಯ ತಮ್ಮನೆಂದು ತಿಳಿದು ಕೊಡುವವರಿದ್ದಾರೆ.

ಎಲ್ಲವೂ ಸರಿಯಿದ್ದರೆ ತಾಳ್ಮೆಯ ಕೆಲಸ. ಪೆಲೆಟ್ ಬಟ್ಟಲನ್ನು ಬೆಳಿಗ್ಗೆ ಸ್ವಲ್ಪ ಹೊತ್ತು ತೆಗೆದಿಟ್ಟು (ಹುಲ್ಲನ್ನಲ್ಲ) ಒಂದೇ ಬಗೆಯ ಸೊಪ್ಪನ್ನು ಹುಲ್ಲಿನ ಎಳೆಗಳ ನಡುವೆ ಸಿಕ್ಕಿಸಿ. ಜೊತೆಗೆ ಇನ್ನೊಂದು ಗಿನಿಪಿಗ್ ಇದ್ದರೆ ಅದು ತಿನ್ನುವುದನ್ನು ನೋಡಿ ಇದೂ ಕಲಿಯುತ್ತದೆ. ಎರಡು ಗಂಟೆಯಾದ ಮೇಲೆ ಉಳಿದದ್ದನ್ನು ತೆಗೆದುಬಿಡಿ, ನಾಳೆ ಅದೇ ಸೊಪ್ಪನ್ನೇ ಮತ್ತೆ ಇಡಿ. ಒಪ್ಪಿಸಲೆಂದು ಉಪವಾಸ ಕೆಡವುವುದು ಮಾತ್ರ ಎಂದಿಗೂ ಬೇಡ.

## ಆಸೆಯಿಂದ ಬರುತ್ತದೆ, ಬಾಯಿಗೆ ಹಾಕಿ ಬೀಳಿಸುತ್ತದೆ

ಮೇಲಿನದಕ್ಕೂ ಇದಕ್ಕೂ ವ್ಯತ್ಯಾಸ ತಿಳಿದಿರಲಿ. ಹಟದ ಪ್ರಾಣಿ ಮೂಸಿ ತಿರುಗುತ್ತದೆ. ಹಲ್ಲು ನೋವಿನ ಪ್ರಾಣಿ ಓಡಿ ಬಂದು, ಬಾಯಿ ಹಾಕಿ, ಒಂದೆರಡು ಸಲ ಅಗಿದು, ಬಿಟ್ಟುಬಿಡುತ್ತದೆ. ಗಟ್ಟಿ ಕ್ಯಾರೆಟ್ ಬಿಟ್ಟು ಮೆತ್ತನೆಯದನ್ನು ಆರಿಸುತ್ತದೆ. ಗಲ್ಲ ಒದ್ದೆಯಾಗಿರುತ್ತದೆ.

ಗಿನಿಪಿಗ್‌ಗೆ ಇಪ್ಪತ್ತು ಹಲ್ಲುಗಳು. ಇಪ್ಪತ್ತೂ ಸಾಯುವವರೆಗೆ ಬೆಳೆಯುತ್ತಲೇ ಇರುತ್ತವೆ. ಅವುಗಳನ್ನು ಸವೆಸುವುದು ಹುಲ್ಲನ್ನು ಅರೆಯುವ ಕೆಲಸ. ತರಕಾರಿ ಎಷ್ಟೇ ಒಳ್ಳೆಯದಿದ್ದರೂ ಆ ಕೆಲಸ ಮಾಡದು. ಹುಲ್ಲು ಕಡಿಮೆಯಾದ ಮನೆಯಲ್ಲಿ ದವಡೆ ಹಲ್ಲುಗಳು ಒಳಮುಖವಾಗಿ ಬೆಳೆದು ನಾಲಿಗೆಯ ಮೇಲೆ ಸೇತುವೆ ಕಟ್ಟುತ್ತವೆ. ಆಮೇಲೆ ಹಸಿವಿದ್ದರೂ ನುಂಗಲಾಗುವುದಿಲ್ಲ.

ಮನೆಯಲ್ಲಿ ನೋಡಬಹುದಾದದ್ದು ಮುಂದಿನ ನಾಲ್ಕು ಬಾಚಿ ಹಲ್ಲು ಮಾತ್ರ. ತುಟಿಯನ್ನು ಮೆಲ್ಲಗೆ ಸರಿಸಿ ಟಾರ್ಚ್ ಬಿಡಿ: ಮುರಿದಿವೆಯೇ, ಓರೆಯಾಗಿ ಸವೆದಿವೆಯೇ, ವಸಡಿನಲ್ಲಿ ರಕ್ತವಿದೆಯೇ. ಆರೋಗ್ಯದ ಹಲ್ಲು ಬಿಳಿಯಾಗಿರುತ್ತದೆ. ಗಲ್ಲದ ಕೆಳಗೆ, ದವಡೆಯ ಅಂಚಿನಲ್ಲಿ ಬೆರಳಾಡಿಸಿ ಗಂಟು ಸಿಗುತ್ತದೆಯೇ ನೋಡಿ. ದವಡೆ ಹಲ್ಲು ಕಾಣಬೇಕಾದರೆ ವೈದ್ಯರ ಸಲಕರಣೆಯೇ ಬೇಕು. ಉಗುರು ಕತ್ತರಿಯಿಂದ ಹಲ್ಲು ಕತ್ತರಿಸಲು ಹೋಗಬೇಡಿ. ಹಲ್ಲು ಬೇರಿನವರೆಗೆ ಸೀಳುತ್ತದೆ.

ವೈದ್ಯರ ಬಳಿ ತಲುಪುವವರೆಗೆ ಪೆಲೆಟ್ ಅನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ ತೆಳ್ಳಗಿನ ಗಂಜಿಯಂತೆ ಮಾಡಿ, ಸಿರಿಂಜ್‌ನಿಂದ ಬಾಚಿ ಹಲ್ಲಿನ ಹಿಂದಿನ ಸಂದಿಯಲ್ಲಿ, ಬದಿಯಿಂದ, ಸ್ವಲ್ಪ ಸ್ವಲ್ಪವೇ ಬಿಡಿ. ಅಗಿದು ನುಂಗಿದ ಮೇಲೆ ಮುಂದಿನದು. ಬೆನ್ನ ಮೇಲೆ ಮಲಗಿಸಿ ಕುಡಿಸಿದರೆ ಶ್ವಾಸಕೋಶಕ್ಕೆ ಹೋಗುತ್ತದೆ.

## ಹಿಕ್ಕೆ ಮೆತ್ತಗಾಗಿದೆ

ಸರಿಯಾದ ಹಿಕ್ಕೆ ಉದ್ದುದ್ದ, ಕಂದು, ಒಂದೇ ಗಾತ್ರ, ಕಾಗದದ ಮೇಲೆ ಉರುಳಿದರೆ ಕಲೆ ಉಳಿಯುವುದಿಲ್ಲ. ಇದರಲ್ಲಿ ವ್ಯತ್ಯಾಸವಾದರೆ ಎಷ್ಟರ ಮಟ್ಟಿಗೆ ಎಂಬುದೇ ಮುಖ್ಯ. ಆಕಾರ ಉಳಿದು ಮೆತ್ತಗಾಗಿದ್ದು, ಪ್ರಾಣಿ ಚುರುಕಾಗಿದ್ದರೆ ಮನೆಯಲ್ಲಿ ನೋಡಿಕೊಳ್ಳಬಹುದು. ಆಕಾರ ಹೋಗಿ ಹಿಂಭಾಗಕ್ಕೆ ಮೆತ್ತಿಕೊಂಡಿದ್ದರೆ ಅದೇ ದಿನ ವೈದ್ಯರು. ನೀರಾಗಿದ್ದರೆ ಗಂಟೆಗಳ ಲೆಕ್ಕ. ಇನ್ನೊಂದು ಮಾತು: ಗಿನಿಪಿಗ್ ತನ್ನದೇ ಮೆದುವಾದ ಒಂದು ಬಗೆಯ ಹಿಕ್ಕೆಯನ್ನು ಬಗ್ಗಿ ನೇರವಾಗಿ ತಿನ್ನುತ್ತದೆ. ಅದು ಜೀರ್ಣಕ್ರಿಯೆಯ ಭಾಗ, ಬಿಡಿಸಲು ಹೋಗಬೇಡಿ.

ಹುಡುಕುವ ಕ್ರಮ ಹೀಗಿರಲಿ. ಕಳೆದ ಮೂರು ದಿನಗಳಲ್ಲಿ ಹೊಸದೇನಾದರೂ ಬಂತೇ? ಹೊಸ ಸೊಪ್ಪು, ಹೊಸ ಪೆಲೆಟ್, ನೆಂಟರ ಮಕ್ಕಳು ತಿನ್ನಿಸಿದ ಬಿಸ್ಕತ್ತು. ಬಂದಿದ್ದರೆ ಅದನ್ನು ನಿಲ್ಲಿಸಿ. ತರಕಾರಿಯನ್ನೆಲ್ಲ ಒಂದು ದಿನ ತಡೆದು ಒಳ್ಳೆಯ ಒಣಹುಲ್ಲು, ನೀರು ಮಾತ್ರ ಕೊಡಿ. ಬಹುಪಾಲು ಮರುದಿನಕ್ಕೆ ಹಿಕ್ಕೆ ಕಟ್ಟುತ್ತದೆ. ಆಮೇಲೆ ಒಂದೊಂದೇ ಬಗೆ ಮರಳಿ ತನ್ನಿ, ದಪ್ಪ ಮೆಣಸಿನಕಾಯಿಯಿಂದ ಆರಂಭಿಸಿ. ತರಕಾರಿಯನ್ನು ವಾರಗಟ್ಟಲೆ ನಿಲ್ಲಿಸಿದರೆ ಬೇರೆಯೇ ಕಾಯಿಲೆ ಬರುತ್ತದೆ, ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಎರಡನೆಯದು ಹಸಿಹುಲ್ಲು. ತೋಟದಿಂದ ಕೊಯ್ದು ತಂದ ಹುಲ್ಲು ಒದ್ದೆಯಿದ್ದುದರಿಂದ ಭೇದಿಯಾಯಿತು ಎಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಎಲೆಯ ಮೇಲಿನ ಹನಿ ಯಾರ ಹೊಟ್ಟೆಯನ್ನೂ ಕೆಡಿಸುವುದಿಲ್ಲ. ಕೆಡಿಸುವುದು ಹೊರೆ. ಒದ್ದೆ ಹುಲ್ಲನ್ನು ಪ್ಲಾಸ್ಟಿಕ್ ಚೀಲದಲ್ಲಿ ತುರುಕಿ ಮಧ್ಯಾಹ್ನದವರೆಗೆ ಮೂಲೆಯಲ್ಲಿಟ್ಟರೆ ಒಳಗೆ ಕೈ ಹಾಕಿದಾಗ ಬೆಚ್ಚಗಿರುತ್ತದೆ. ಹುಳಿಯಲು ಶುರುವಾಗಿದೆ ಎಂದರ್ಥ. ಅದು ಗೂಡಿಗೆ ಹೋಗಬಾರದು. ಕೊಯ್ದ ಹುಲ್ಲನ್ನು ತಂದ ಕೂಡಲೇ ಕೊಡವಿ (ಇಂಬಳಗಳೂ ಉದುರಲಿ), ನೆಲದ ಮೇಲೆ ಬಟ್ಟೆ ಹಾಸಿ ತೆಳ್ಳಗೆ ಹರಡಿ. ಇಷ್ಟು ದಿನ ಒಣಹುಲ್ಲು ತಿಂದ ಪ್ರಾಣಿಗೆ ಮೊದಲ ಮಳೆ ಬಿದ್ದ ಸಂಭ್ರಮದಲ್ಲಿ ಬುಟ್ಟಿಗಟ್ಟಲೆ ಎಳೆ ಹುಲ್ಲು ಸುರಿಯುವುದೂ ಇಷ್ಟೇ ಕೆಟ್ಟದ್ದು. ಒಂದು ಹಿಡಿಯಿಂದ ಆರಂಭಿಸಿ ವಾರವಿಡೀ ಹೆಚ್ಚಿಸುತ್ತಾ ಹೋಗಿ.

ಮೂರನೆಯದು, ಹುಲ್ಲು ಎಲ್ಲಿಯದು. ಕೊಡಗಿನವರು ನಿಜವಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಮಳೆಗಾಲಕ್ಕೆ ಮುಂಚೆ ಕಾಫಿಗೂ ಕರಿಮೆಣಸಿನ ಬಳ್ಳಿಗೂ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಅದು ಮೈಲುತುತ್ತ ಮತ್ತು ಸುಣ್ಣ. ಬಳ್ಳಿಯಿಂದ ಇಳಿದದ್ದು ಬುಡದ ಹುಲ್ಲಿನ ಮೇಲೆ ನೀಲಿ ಛಾಯೆಯಾಗಿ ಕೂರುತ್ತದೆ. ತಾಮ್ರದ ಅಂಶ ಒಂದು ಕಿಲೋ ತೂಗದ ಪ್ರಾಣಿಗೆ ಸಣ್ಣ ವಿಷಯವಲ್ಲ. ಕಾಂಡಕೊರಕಕ್ಕೆ, ಇರುವೆಗೆ ಹೊಡೆಯುವ ಕೀಟನಾಶಕ, ಕಳೆನಾಶಕ ಇವು ಬಣ್ಣವನ್ನೂ ತೋರಿಸುವುದಿಲ್ಲ. ಶುಂಠಿ ಗದ್ದೆಯ ಅಂಚಿನ ಹುಲ್ಲನ್ನಂತೂ ನಾನು ಯಾವ ಕಾಲದಲ್ಲೂ ಕೊಡುವುದಿಲ್ಲ. ತೋಟ ನಮ್ಮದೇ ಆದರೂ ಔಷಧಿ ಹೊಡೆಯುವವರು ಬೇರೆ. ಯಾವ ಬ್ಲಾಕಿಗೆ ಯಾವಾಗ ಏನು ಹೊಡೆದರು ಎಂದು ತೋಟದ ಲೆಕ್ಕ ಬರೆಯುವ ರೈಟರನ್ನೋ ಮೇಸ್ತ್ರಿಯನ್ನೋ ಕೇಳಿಯೇ ಕೊಯ್ಯಿರಿ. ಎಲ್ಲಕ್ಕಿಂತ ನೆಮ್ಮದಿ ಮನೆಯ ಹಿಂದಿನ ಅಂಗಳದ ಗರಿಕೆ. ನಾಯಿ ಓಡಾಡದ ಮೂಲೆ ಬೇಲಿ ಹಾಕಿ ಬಿಟ್ಟರೆ ಇಬ್ಬರಿಗೆ ಸಾಕಾಗುವಷ್ಟು ಬೆಳೆಯುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಬಿಸಿಲು ಗಟ್ಟಿಯಾಗಿರುವಾಗ ಅದನ್ನೇ ಒಣಗಿಸಿ ಗೋಣಿಚೀಲದಲ್ಲಿ, ನೆಲದಿಂದ ಎತ್ತರಕ್ಕೆ, ಇಲಿ ಬಾರದಂತೆ ಇಡಬಹುದು. ಅರೆ ಒಣಗಿದ್ದನ್ನು ಡ್ರಮ್ಮಿಗೆ ತುಂಬಿ ಮುಚ್ಚಿದರೆ ಜುಲೈನಲ್ಲಿ ತೆಗೆಯುವುದು ಬೂಷ್ಟನ್ನು. ಪೇಟೆಯಲ್ಲಿ ಸಿಗುವ ಟಿಮೊತಿ ಎಂಬ ಒಣಹುಲ್ಲು ತರಿಸುವವರು ಮಳೆಗಾಲದಲ್ಲಿ ದೊಡ್ಡ ಚೀಲದ ಅಗ್ಗಕ್ಕೆ ಮರುಳಾಗದೆ ಸಣ್ಣ ಪ್ಯಾಕೆಟ್‌ಗಳನ್ನೇ ಕೊಂಡು ಒಂದೊಂದಾಗಿ ಒಡೆಯಲಿ. ಭತ್ತದ ಹುಲ್ಲು ಹಾಸಲು ಆಗುತ್ತದೆ, ಹೊಟ್ಟೆಗೆ ಅದರಲ್ಲಿ ಸತ್ವ ಕಡಿಮೆ.

ಕಡೆಯ ಕಾರಣ ಔಷಧಿ. ಮನೆಯಲ್ಲಿದ್ದ ಅಮಾಕ್ಸಿಸಿಲಿನ್ ಅಥವಾ ಆಂಪಿಸಿಲಿನ್ ಅನ್ನು ಬಾಯಿಗೆ ಹಾಕಿದ್ದರೆ ಹೊಟ್ಟೆಯ ಒಳ್ಳೆಯ ಸೂಕ್ಷ್ಮಾಣುಗಳು ಸತ್ತು, ಕೆಟ್ಟವು ತಲೆಯೆತ್ತಿ, ವಿಷ ಕಾರಿ ಪ್ರಾಣಿ ಸಾಯುತ್ತದೆ. ಪೆನಿಸಿಲಿನ್ ಗುಂಪಿನ ಯಾವುದೂ ಇದಕ್ಕೆ ಕೂಡದು. ಭೇದಿಗೆಂದು ಮನುಷ್ಯರ ಮಾತ್ರೆ ಅರೆದು ಕುಡಿಸುವುದೂ ಬೇಡ.

## ಹಿಕ್ಕೆ ಸಣ್ಣದಾಗಿದೆ, ಒಣಗಿದೆ

ತಿನ್ನುವುದು ಅಥವಾ ಕುಡಿಯುವುದು ಕಡಿಮೆಯಾಗಿದೆ. ನೀರಿನ ಬಾಟಲಿಯ ತುದಿಯ ಗುಂಡು ಸಿಕ್ಕಿಕೊಂಡಿದೆಯೇ ಬೆರಳಿಟ್ಟು ನೋಡಿ. ಎಷ್ಟೋ ‘ಕಾಯಿಲೆ’ಗಳು ಅಲ್ಲಿಗೇ ಮುಗಿಯುತ್ತವೆ. ಸೌತೆಕಾಯಿ, ಒದ್ದೆ ಸೊಪ್ಪು ಕೊಟ್ಟು ಅರ್ಧ ದಿನ ನೋಡಿ. ಹಿಕ್ಕೆಗಳು ಕೂದಲಿನಲ್ಲಿ ಪೋಣಿಸಿದಂತೆ ಬರುತ್ತಿದ್ದರೆ ಮೈ ಬಾಚಿ, ಹುಲ್ಲು ಹೆಚ್ಚಿಸಿ. ಹಿಕ್ಕೆಯ ಸಂಖ್ಯೆಯೂ ಇಳಿಯುತ್ತಿದ್ದರೆ ಮೇಲೆ ಹೇಳಿದ ಹಲ್ಲಿನ ವಿಭಾಗಕ್ಕೆ ಹೋಗಿ, ತೂಕ ನೋಡಿ.

## ಹೊಟ್ಟೆ ಉಬ್ಬಿದೆ

ಎರಡೂ ಬದಿ ಬೆರಳಿನಿಂದ ಮೆಲ್ಲಗೆ ಒತ್ತಿ. ಮೆದುವಾಗಿದ್ದು, ಪ್ರಾಣಿ ತಿನ್ನುತ್ತಾ ಓಡಾಡುತ್ತಿದ್ದರೆ ಅದು ಬರೀ ಹೊಟ್ಟೆಬಾಕತನ. ಹೆಣ್ಣಾಗಿದ್ದರೆ ಗರ್ಭವೂ ಇರಬಹುದು. ಒತ್ತಿದರೆ ತಮಟೆಯಂತೆ ಬಿಗಿಯಾಗಿದ್ದು ಪ್ರಾಣಿ ಅಲುಗಾಡದಿದ್ದರೆ ಇಲ್ಲಿ ಮಾಡಬಹುದಾದ ಪರೀಕ್ಷೆ ಮತ್ತೇನೂ ಇಲ್ಲ. ಅನಿಲ ತುಂಬಿದೆ, ಕರುಳು ತಿರುಚಿಕೊಂಡಿರಲೂಬಹುದು. ಆಹಾರ ಕುಡಿಸಬೇಡಿ, ತುಂಬಿದ ಹೊಟ್ಟೆಗೆ ಇನ್ನಷ್ಟು ತುಂಬಿದರೆ ಸಿಡಿಯುವ ಅಪಾಯ. ಓಂಕಾಳಿನ ನೀರು, ಇಂಗು, ಸೋಡಾ ಇವೆಲ್ಲ ಮಗುವಿನ ಹೊಟ್ಟೆಗೆ ಅಜ್ಜಿ ಮಾಡಿದ್ದಿರಬಹುದು, ಇದಕ್ಕೆ ಬೇಡ. ಬೆಚ್ಚಗೆ ಸುತ್ತಿ ಹೊರಡಿ.

ಮುಂದೆ ಬಾರದಿರಲು: ಎಲೆಕೋಸು, ಹೂಕೋಸು, ಬ್ರೊಕೊಲಿಯ ದಂಟು ಅಪರೂಪಕ್ಕೆ ಒಂದು ಚೂರು. ಮೊಳಕೆ ಕಾಳು, ಅನ್ನ, ಬ್ರೆಡ್, ಆಲೂಗಡ್ಡೆ ಯಾವತ್ತೂ ಇಲ್ಲ.

## ಕುಂಟುತ್ತದೆ, ಎತ್ತಿಕೊಂಡರೆ ಕಿರುಚುತ್ತದೆ, ರೋಮ ಒರಟಾಗಿದೆ

ಇದನ್ನು ಕಂಡವರು ಕಾಲು ಉಳುಕಿದೆ ಎಂದುಕೊಳ್ಳುತ್ತಾರೆ. ಬಿದ್ದಿದ್ದರೆ ಅದೂ ಇರಬಹುದು. ಬೀಳದೆಯೂ ಹಿಂಗಾಲು ಎಳೆಯುತ್ತಿದ್ದರೆ, ಕೀಲುಗಳು ಊದಿದ್ದರೆ, ವಸಡಿನಲ್ಲಿ ರಕ್ತ ಜಿನುಗಿದರೆ, ಸಣ್ಣ ಗಾಯವೂ ಮಾಯದಿದ್ದರೆ, ಮೊದಲ ಅನುಮಾನ ವಿಟಮಿನ್ ಸಿ ಕೊರತೆ.

ನಾಯಿ, ಬೆಕ್ಕು, ಮೊಲಗಳ ದೇಹ ವಿಟಮಿನ್ ಸಿಯನ್ನು ತಾನೇ ತಯಾರಿಸಿಕೊಳ್ಳುತ್ತದೆ. ಗಿನಿಪಿಗ್‌ಗೆ, ನಮ್ಮ ಹಾಗೆಯೇ, ಆ ಶಕ್ತಿ ಇಲ್ಲ. ದಿನವೂ ಹೊರಗಿನಿಂದ ಬರಬೇಕು: ದೇಹತೂಕದ ಪ್ರತಿ ಕಿಲೋಗೆ ಸುಮಾರು 10 ಮಿಲಿಗ್ರಾಂ, ಕಾಯಿಲೆಯಲ್ಲೂ ಗರ್ಭದಲ್ಲೂ 30ರವರೆಗೆ. ಬರುವುದು ನಿಂತರೆ ಎರಡು ಮೂರು ವಾರಗಳಲ್ಲಿ ಲಕ್ಷಣ ಕಾಣುತ್ತದೆ. ಭೇದಿಗೆ ಹೆದರಿ ತರಕಾರಿ ಪೂರ್ತಿ ನಿಲ್ಲಿಸಿದ ಮನೆಗಳಲ್ಲಿ ತಿಂಗಳೊಳಗೆ ಕುಂಟು ಕಾಣಿಸುವುದು ಇದೇ ಕಾರಣಕ್ಕೆ.

ಪರೀಕ್ಷೆ ಅಡುಗೆಮನೆಯಲ್ಲೇ ಆರಂಭವಾಗುತ್ತದೆ. ಪೆಲೆಟ್ ಪ್ಯಾಕೆಟ್ ತಿರುಗಿಸಿ ನೋಡಿ: ಮೊಲದ ಪೆಲೆಟ್ ಆಗಿದ್ದರೆ ಅದರಲ್ಲಿ ವಿಟಮಿನ್ ಸಿ ಇರಬೇಕಾದ ಅಗತ್ಯವೇ ತಯಾರಕರಿಗಿಲ್ಲ. ಅಂಗಡಿಯವರು ‘ಎರಡಕ್ಕೂ ಒಂದೇ’ ಎನ್ನುತ್ತಾರೆ, ಒಂದೇ ಅಲ್ಲ. ಗಿನಿಪಿಗ್‌ನದ್ದೇ ಆದರೂ ತಯಾರಿಕೆಯ ದಿನಾಂಕ ನೋಡಿ. ಮೂರು ತಿಂಗಳು ದಾಟಿದರೆ, ತೇವ ತಾಗಿದರೆ, ವಿಟಮಿನ್ ಬಹುಪಾಲು ಹೋಗಿರುತ್ತದೆ. ನೀರಿಗೆ ಹಾಕುವ ಹನಿ ಔಷಧಿಯನ್ನೂ ನಂಬಬೇಡಿ: ಬೆಳಕಿಗೆ, ಲೋಹಕ್ಕೆ ಬೇಗ ಕೆಡುತ್ತದೆ, ರುಚಿ ಬದಲಾದರೆ ಪ್ರಾಣಿ ನೀರನ್ನೇ ಬಿಡುತ್ತದೆ.

ಆಮೇಲೆ ತಟ್ಟೆ. ದಪ್ಪ ಮೆಣಸಿನಕಾಯಿಯಲ್ಲಿ 100 ಗ್ರಾಂಗೆ ಸುಮಾರು 80 ಮಿಲಿಗ್ರಾಂ ವಿಟಮಿನ್ ಸಿ ಇದೆ, ಕೆಂಪಗೆ ಹಣ್ಣಾದುದರಲ್ಲಿ ಇನ್ನೂ ಹೆಚ್ಚು. 25 ಗ್ರಾಂ ತುಂಡು ದಿನದ ಲೆಕ್ಕ ಮುಗಿಸುತ್ತದೆ. ದಪ್ಪ ಮೆಣಸಿನಕಾಯಿಯ ಬೆಲೆ ಏರಿದಾಗ ಹಿತ್ತಲಿನ ಸೀಬೆ ಇದೆ: 100 ಗ್ರಾಂಗೆ 200 ಮಿಲಿಗ್ರಾಂ ದಾಟುತ್ತದೆ, ಬೀಜ ತೆಗೆದ ಹತ್ತು ಗ್ರಾಂ ಚೂರು ಸಾಕು. ಸಿಹಿಯಿರುವುದರಿಂದ ವಾರಕ್ಕೆ ಎರಡು ಮೂರು ಸಲಕ್ಕೆ ನಿಲ್ಲಿಸಿ. ಕೊಡಗಿನ ಕಿತ್ತಳೆಯ ಹೆಸರಿನ ಮೋಹಕ್ಕೆ ಅದನ್ನೇ ದಿನವೂ ಕೊಡುವವರಿದ್ದಾರೆ. ಕಿತ್ತಳೆಯಲ್ಲಿ ಇರುವುದು ಇವೆರಡಕ್ಕಿಂತಲೂ ಕಡಿಮೆ, ಜೊತೆಗೆ ಹುಳಿ ಮತ್ತು ಸಕ್ಕರೆ. ಒಂದು ತೊಳೆ, ಎಂದಾದರೂ ಒಮ್ಮೆ. ಬೇಯಿಸಿದ ತರಕಾರಿ ಲೆಕ್ಕಕ್ಕಿಲ್ಲ.

ತಟ್ಟೆ ಸರಿಪಡಿಸಿದರೆ ಕೊರತೆ ಬಾರದಂತೆ ತಡೆಯಬಹುದು. ಕುಂಟು ಬಂದಾಗಿದ್ದರೆ ತಟ್ಟೆಯಷ್ಟರಿಂದ ಸಾಲದು, ವೈದ್ಯರು ತೂಕ ನೋಡಿ ಔಷಧಿಯ ಪ್ರಮಾಣ ಹೇಳಬೇಕು. ಮಲ್ಟಿವಿಟಮಿನ್ ಸಿರಪ್ ಬೇಡ. ಸಿ ಹೆಚ್ಚಾದರೆ ಮೂತ್ರದಲ್ಲಿ ಹೋದೀತು, ಎ ಮತ್ತು ಡಿ ದೇಹದಲ್ಲಿ ಸೇರಿಕೊಂಡು ವಿಷವಾಗುತ್ತವೆ.

## ಮೂತ್ರದಲ್ಲಿ ಬಿಳಿ ಪುಡಿ, ಅಥವಾ ಕೆಂಪು

ಗಿನಿಪಿಗ್‌ನ ಮೂತ್ರ ಸ್ವಲ್ಪ ಮಬ್ಬಾಗಿರುವುದು ಸಹಜ. ಹೆಚ್ಚಿನ ಸುಣ್ಣದಂಶವನ್ನು ಅದು ಮೂತ್ರದ ಮೂಲಕವೇ ಹೊರಹಾಕುತ್ತದೆ. ಒಣಗಿದ ಕಲೆಯನ್ನು ಬೆರಳಿನಿಂದ ಉಜ್ಜಿ. ನಯವಾದ ಪುಡಿಯಾದರೆ ಚಿಂತೆಯಿಲ್ಲ. ಮರಳಿನಂತೆ ತರಿತರಿಯಾಗಿದ್ದರೆ ಕಲ್ಲಿನ ಮುನ್ಸೂಚನೆ. ನುಗ್ಗೆ ಸೊಪ್ಪು, ಕುದುರೆ ಮೆಂತೆ (ಲೂಸರ್ನ್), ಹರಿವೆ, ಪಾಲಕ್ ಇವುಗಳನ್ನು ಕಡಿಮೆ ಮಾಡಿ. ನುಗ್ಗೆ ಸೊಪ್ಪು ಮನುಷ್ಯರಿಗೆ ಅಮೃತವೆಂದು ಇದಕ್ಕೂ ದಿನವೂ ಹಾಕುವುದು ಸರಿಯಲ್ಲ. ಕುದುರೆ ಮೆಂತೆ ಮರಿಗಳಿಗೆ, ಗರ್ಭಿಣಿಗೆ ಆಗುತ್ತದೆ, ಬೆಳೆದ ಉಳಿದವಕ್ಕೆ ಬೇಡ. ನೀರು ಹೆಚ್ಚು ಕುಡಿಯುವಂತೆ ಎರಡು ಬಾಟಲಿ ಇಡಿ.

ಕೆಂಪು ಕಂಡಾಗ ನಿನ್ನೆಯ ತಟ್ಟೆ ನೆನಪಿಸಿಕೊಳ್ಳಿ. ಬೀಟ್‌ರೂಟ್, ಕೆಂಪು ಹರಿವೆ ತಿಂದಿದ್ದರೆ ಅವನ್ನು ನಿಲ್ಲಿಸಿ ಒಂದು ದಿನ ನೋಡಿ. ಮೂತ್ರ ಬಿದ್ದಾಗ ಹಳದಿಯಿದ್ದು ಗಾಳಿ ತಾಗಿದ ಮೇಲೆ ಕಿತ್ತಳೆಯಾಗುವುದೂ ಉಂಟು. ಗೂಡಿನಲ್ಲಿ ಬಿಳಿ ಬಟ್ಟೆ ಹಾಸಿದರೆ ಬೀಳುವಾಗಲೇ ಯಾವ ಬಣ್ಣವೆಂದು ತಿಳಿಯುತ್ತದೆ. ಬೀಳುವಾಗಲೇ ಕೆಂಪು, ಅಥವಾ ಕೂಗು, ಅಥವಾ ತಿಣುಕುವುದು ಕಂಡರೆ ಅದು ರಕ್ತ: ಕಲ್ಲು, ಸೋಂಕು, ಹೆಣ್ಣಾದರೆ ಗರ್ಭಕೋಶದ ತೊಂದರೆ. ಯಾವುದೆಂದು ಎಕ್ಸ್-ರೇ ಅಥವಾ ಸ್ಕ್ಯಾನ್ ಹೇಳಬೇಕು.

## ತುಟಿಯ ಅಂಚಿನಲ್ಲಿ ಹುಣ್ಣು, ಹೆಕ್ಕಳಿಕೆ

ಹುಳಿ ಹಣ್ಣು, ಟೊಮೆಟೊ ಹೆಚ್ಚಾಗಿದ್ದರೆ ನಿಲ್ಲಿಸಿ. ಚೂಪಾದ ಹುಲ್ಲುಕಡ್ಡಿ ತೆಗೆಯಿರಿ. ಕಣ್ಣು ಮೂಗಿನ ಸುತ್ತ ದುಂಡಗೆ ರೋಮ ಉದುರಿ ಹೊಟ್ಟು ಎದ್ದಿದ್ದರೆ ಅದು ಹುಳುಕಡ್ಡಿ, ತೇವದ ಕಾಲದ ಕಾಯಿಲೆ. ಮನುಷ್ಯರಿಗೂ ಅಂಟುತ್ತದೆ, ಮಕ್ಕಳು ಮುದ್ದಿಸುವುದನ್ನು ಸ್ವಲ್ಪ ದಿನ ತಡೆಯಿರಿ.

## ಬೆಳಿಗ್ಗೆ ಚೆನ್ನಾಗಿತ್ತು, ಸಂಜೆಗೆ ಜೊಲ್ಲು, ನಡುಕ, ಮಂಕು

ಅಡುಗೆಮನೆಯ ಸಿಪ್ಪೆ ಬುಟ್ಟಿಯನ್ನು ನೋಡಿ. ಕಕ್ಕಡದ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಕೊಡಗಿನ ಅಡುಗೆಮನೆಗೆ ಕಾಡೇ ಬರುತ್ತದೆ. ನಾವು ನೆನೆಸಿ, ಕುದಿಸಿ, ಬಸಿದು ತಿನ್ನುವುದನ್ನು ಅದು ಹಸಿಯಾಗಿ ತಿನ್ನಬಾರದು. ಕಣಿಲೆಯ (ಎಳೆ ಬಿದಿರಿನ) ಹಸಿ ಚೂರಿನಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ, ಅದಕ್ಕಾಗಿಯೇ ನಾವು ನೀರು ಬದಲಿಸುವುದು. ಕೆಸದ ಎಲೆ ದಂಟುಗಳಲ್ಲಿ ಬಾಯಿ ಗಂಟಲು ಚುಚ್ಚುವ ಸೂಜಿಯಂತಹ ಹರಳುಗಳಿವೆ. ತೆರ್ಮೆ ಸೊಪ್ಪು (ಎಳೆ ಜರಿಗಿಡದ ಸುರುಳಿ), ಬೇಲಿಯ ಜರಿಗಿಡ, ಕಾಡು ಅಣಬೆ ಯಾವುದೂ ಗೂಡಿಗೆ ಬೇಡ. ಮದ್ದು ಸೊಪ್ಪು ನಮ್ಮ ಪಾಯಸಕ್ಕೇ ಇರಲಿ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಯ ಹಸಿರು ಮೊಳಕೆ, ಟೊಮೆಟೊ ಗಿಡದ ಎಲೆ ಕೂಡದು.

ತೋಟದಲ್ಲಿ ಹೆಚ್ಚು ಬೆಳೆಯುತ್ತಿರುವ ಬೆಣ್ಣೆಹಣ್ಣಿನ ಎಲೆ, ಸಿಪ್ಪೆ, ಬೀಜ ವಿಷ, ತಿರುಳು ಬರೀ ಕೊಬ್ಬು. ಬೇಲಿಯ ಲಂಟಾನ ಯಕೃತ್ತನ್ನು ಹಾಳುಮಾಡುತ್ತದೆ. ಪುಕ್ಕಟೆ ಸಿಗುತ್ತದೆಂದು ಕಾಫಿ ಹೊಟ್ಟನ್ನು ಹಾಸಬೇಡಿ. ಅದರಲ್ಲಿ ಕೆಫೀನ್ ಉಳಿದಿರುತ್ತದೆ, ಈ ಪ್ರಾಣಿ ಹಾಸಿಗೆಯನ್ನೂ ರುಚಿ ನೋಡದೆ ಬಿಡುವುದಿಲ್ಲ.

ಏನು ತಿಂದಿದೆ ಎಂದು ಅನುಮಾನವಿದೆಯೋ ಅದರ ಒಂದು ತುಂಡನ್ನು ಕವರಿನಲ್ಲಿ ಹಾಕಿ, ಕೀಟನಾಶಕವಾದರೆ ಬಾಟಲಿಯ ಲೇಬಲ್ ಫೋಟೊ ತೆಗೆದು, ಹೊರಡಿ. ವಾಂತಿ ಮಾಡಿಸಲು ಏನನ್ನೂ ಕುಡಿಸಬೇಡಿ.

## ವೈದ್ಯರ ಬಳಿಗೆ ಹೊರಡುವಾಗ

ನಮ್ಮ ಊರುಗಳ ಪಶುವೈದ್ಯರ ದಿನವೆಲ್ಲ ಹಸು, ಹಂದಿ, ನಾಯಿಗಳಲ್ಲಿ ಕಳೆಯುತ್ತದೆ. ಗಿನಿಪಿಗ್ ಅವರ ಮೇಜಿಗೆ ಬರುವುದು ಅಪರೂಪ, ಅದರಲ್ಲಿ ಅವರ ತಪ್ಪಿಲ್ಲ. ಆದ್ದರಿಂದ ಪ್ರಾಣಿ ಆರೋಗ್ಯವಾಗಿರುವಾಗಲೇ ಫೋನ್ ಮಾಡಿ, ಮೊಲ ಮತ್ತು ಗಿನಿಪಿಗ್ ನೋಡುತ್ತೀರಾ, ಹಲ್ಲು ನೋಡುವ ಸಲಕರಣೆ ಇದೆಯೇ ಎಂದು ಕೇಳಿ ಸಂಖ್ಯೆ ಬರೆದಿಡಿ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ.; ಸೋಮವಾರಪೇಟೆ, ಕುಶಾಲನಗರದವರಿಗೆ ಹಾಸನದ ಪಶುವೈದ್ಯಕೀಯ ಕಾಲೇಜೂ ಇದೆ. ದೂರ ಹೋಗುವ ಮೊದಲು ಹತ್ತಿರದ ವೈದ್ಯರಿಗೆ ತೋರಿಸುವುದೇ ಒಳ್ಳೆಯದು. ನೋವು ತಗ್ಗಿಸಿ, ಚರ್ಮದಡಿ ಸಲೈನ್ ಕೊಟ್ಟರೆ ದಾರಿ ತಾಳಿಕೊಳ್ಳುತ್ತದೆ.

ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ, ಹುಲ್ಲು, ಒಂದು ತುಂಡು ಸೌತೆಕಾಯಿ. ಜೊತೆಗಾರ ಗಿನಿಪಿಗ್ ಇದ್ದರೆ ಅದನ್ನೂ ಕೂರಿಸಿ, ಭಯ ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ಪೆಟ್ಟಿಗೆಯ ಒಂದು ಮೂಲೆಗೆ ಟವೆಲ್ ಸುತ್ತಿದ ಬಿಸಿನೀರಿನ ಬಾಟಲಿ ಇಡಿ, ಬೇಡವಾದರೆ ಪ್ರಾಣಿ ದೂರ ಸರಿಯಲು ಜಾಗವಿರಲಿ. ಇಂದಿನ ಹಿಕ್ಕೆ ಒಂದು ಡಬ್ಬಿಯಲ್ಲಿ, ತೂಕದ ನೋಟ್‌ಬುಕ್, ಕಳೆದ ವಾರ ಕೊಟ್ಟ ಎಲ್ಲದರ ಪಟ್ಟಿ ಕೈಯಲ್ಲಿರಲಿ. ಚೀಟಿ ಬರೆಯುವಾಗ ಸಂಕೋಚಪಡದೆ ಕೇಳಿ: ‘ಡಾಕ್ಟರೇ, ಇದು ಪೆನಿಸಿಲಿನ್ ಗುಂಪಿನದ್ದಲ್ಲ ತಾನೇ?’ ಶಸ್ತ್ರಚಿಕಿತ್ಸೆಗೆ ಮುಂಚೆ ರಾತ್ರಿಯಿಡೀ ಉಪವಾಸವಿಡಿ ಎಂದು ಯಾರಾದರೂ ಹೇಳಿದರೆ ಅದು ನಾಯಿಯ ನಿಯಮ ಎಂದು ನೆನಪಿಸಿ, ಎಷ್ಟು ಹೊತ್ತಿನವರೆಗೆ ಹುಲ್ಲು ಕೊಡಬಹುದೆಂದು ಗಂಟೆಯ ಲೆಕ್ಕದಲ್ಲಿ ಕೇಳಿ ಬರೆದುಕೊಳ್ಳಿ.